ಮರುದಿನದ ನೋವಿಗೆ ಲ್ಯಾಕ್ಟಿಕ್ ಆಮ್ಲ ಕಾರಣವಲ್ಲ

ಸ್ನಾಯುಗಳ ಬಗೆಗಿನ ಲೇಖನ ಚೆನ್ನಾಗಿದೆ, ಆದರೆ ಒಂದು ಮಾತಿಗೆ ನನ್ನ ತಕರಾರಿದೆ. ವ್ಯಾಯಾಮದ ಮರುದಿನ ಮೈಕೈ ನೋಯುವುದಕ್ಕೆ ಸ್ನಾಯು ಜೋರಾಗಿ ದುಡಿಯುವಾಗ ಹುಟ್ಟಿ ಒಳಗೇ ಉಳಿದುಕೊಂಡ ಲ್ಯಾಕ್ಟಿಕ್ ಆಮ್ಲ ಕಾರಣ ಎಂದು ಬರೆದಿದ್ದೀರಿ. ಜಿಮ್ ತರಬೇತುದಾರರಲ್ಲಿಯೂ ಅನೇಕರು ಈ ಹಳೆಯ ನಂಬಿಕೆಯನ್ನು ಬಿಟ್ಟಿಲ್ಲ. ಓಟ ನಿಲ್ಲಿಸಿದ ಒಂದೆರಡು ಗಂಟೆಯೊಳಗೆ ರಕ್ತದ ಲ್ಯಾಕ್ಟೇಟ್ (ಈ ಆಮ್ಲ ದೇಹದೊಳಗೆ ಇರುವ ರೂಪ) ಮಾಮೂಲು ಮಟ್ಟಕ್ಕೆ ಇಳಿದಿರುತ್ತದೆ. ಹೃದಯ, ಯಕೃತ್ತುಗಳೇ ಅದನ್ನು ಬಳಸಿಕೊಳ್ಳುತ್ತವೆ. ನೋವು ಜೋರಾಗುವುದೋ 24ರಿಂದ 72 ಗಂಟೆಗಳ ನಡುವೆ. ಲೆಕ್ಕ ಎಲ್ಲಿ ತಾಳೆಯಾಗುತ್ತದೆ?

ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿ ಇಳಿದವರನ್ನು ಕೇಳಿ ನೋಡಿ. ಏದುಸಿರು ಬರುವುದು ಹತ್ತುವಾಗ. ಮರುದಿನ ತೊಡೆ ಹಿಡಿದುಕೊಳ್ಳುವುದು ಮುಖ್ಯವಾಗಿ ಇಳಿದದ್ದರಿಂದ. ಇಳಿಯುವಾಗ ಮೊಣಕಾಲು ಮಡಚುತ್ತಿದ್ದಂತೆ ತೊಡೆಯ ಮುಂಭಾಗದ ಸ್ನಾಯು ಬಿಗಿಹಿಡಿದುಕೊಂಡೇ ಉದ್ದವಾಗಬೇಕು. ಸ್ನಾಯುವಿನೊಳಗೆ ಆಕ್ಟಿನ್, ಮಯೋಸಿನ್ ಎಂಬ ಎರಡು ಬಗೆಯ ಪ್ರೋಟೀನ್ ಎಳೆಗಳಿವೆ. ಆಕ್ಟಿನ್ ಎಳೆಗಳನ್ನು ಕಚ್ಚಿಕೊಂಡ ಮಯೋಸಿನ್ ತಲೆಗಳು ಒಂದು ಕಡೆ ಎಳೆಯುತ್ತಿದ್ದರೆ, ದೇಹದ ಭಾರ ಅವುಗಳನ್ನು ಹಿಂದಕ್ಕೆ ಜಗ್ಗುತ್ತದೆ. ಅಲ್ಲಲ್ಲಿ ಸಾರ್ಕೋಮಿಯರ್‌ಗಳು (ಈ ಎಳೆಗಳು ಸೇರಿ ಆದ ಸ್ನಾಯುವಿನ ಪುಟ್ಟ ಘಟಕಗಳು) ಅತಿಯಾಗಿ ಹಿಗ್ಗಿ ಕೆಡುತ್ತವೆ, ಉರಿಯೂತ ಶುರುವಾಗುತ್ತದೆ, ನರತುದಿಗಳು ಸೂಕ್ಷ್ಮವಾಗುತ್ತವೆ. ಕುಳಿತಲ್ಲಿಂದ ಏಳುವಾಗ "ಅಯ್ಯಪ್ಪಾ" ಎನ್ನಿಸುವುದು ಹೀಗೆ.

ಇನ್ನೊಂದು ವಿಷಯ ಲೇಖನದಲ್ಲಿ ಬರಬೇಕಿತ್ತು. ಅದೇ ಮೆಟ್ಟಿಲನ್ನು ಕೆಲವು ವಾರಗಳೊಳಗೆ ಮತ್ತೆ ಇಳಿದರೆ ನೋವು ಎಷ್ಟೋ ಕಡಿಮೆ. ಸ್ನಾಯು ಒಂದೇ ಸಲಕ್ಕೆ ಪಾಠ ಕಲಿತಿರುತ್ತದೆ. ಹಾಗಾಗಿ ಮೊದಲ ಸಲ ಅರ್ಧ ದಾರಿ ಇಳಿದರೆ ಸಾಕು, ಶೂರತನ ಬೇಡ. ಸಾಮಾನ್ಯ ನೋವಿಗೆ ಮಾತ್ರೆಯೂ ಬೇಕಿಲ್ಲ, ಮೆಲ್ಲಗೆ ಓಡಾಡಿಕೊಂಡಿರಿ. ಆದರೆ ವಿಪರೀತ ನೋವಿನ ಜೊತೆಗೆ ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಒಡೆದ ಸ್ನಾಯುವಿನಿಂದ ಸೋರಿದ ಮಯೋಗ್ಲೋಬಿನ್ ಎಂಬ ಪ್ರೋಟೀನ್ ಮೂತ್ರಪಿಂಡವನ್ನು ಕೆಡಿಸಬಲ್ಲದು.