ನೀಲಿ ವಿಷದ ತನಿಖೆ

ತೀರ್ಥಹಳ್ಳಿ ಕಡೆಯ ಒಂದು ಊರು ಅಂದುಕೊಳ್ಳಿ. ಹೆಸರು ಬೇಡ, ಎಲ್ಲಾ ಊರಿನವರೂ ನಮ್ಮದೇ ಅಂತ ಜಗಳಕ್ಕೆ ಬರುತ್ತಾರೆ. ದೊಡ್ಡ ಅಡಿಕೆ ತೋಟದ ಯಜಮಾನರು ರಾತ್ರಿ ಉಂಡು ಮಲಗಿದವರು ಬೆಳಿಗ್ಗೆ ಏಳಲಿಲ್ಲ. ಮಕ್ಕಳಿಲ್ಲ. ತಿಥಿ ಮುಗಿಯುವ ಮೊದಲೇ ಹೆಂಡತಿಯ ಮೇಲೆ ಕೊಲೆ ಕೇಸು. ಪೋಸ್ಟ್‌ಮಾರ್ಟಂ ಆಗಿದೆ, ಸ್ಯಾಂಪಲ್ ವಿಷ ಪತ್ತೆ ಮಾಡುವ ಸರ್ಕಾರಿ ಲ್ಯಾಬಿಗೆ, ಅಂದರೆ ಎಫ್‌ಎಸ್‌ಎಲ್‌ಗೆ ಹೋಗಿದೆ. ವರದಿ ಬರಲು ತಿಂಗಳುಗಳೇ ಬೇಕು. ಊರಿಗೆ ಅಷ್ಟು ಪುರುಸೊತ್ತಿಲ್ಲ.

ಬಸ್ ಸ್ಟ್ಯಾಂಡ್ ಹೋಟೆಲಿನಲ್ಲಿ ತೀರ್ಪು ಆಗಲೇ ಬಂದಿದೆ. ಯಜಮಾನಿ ಅಮ್ಮ ಅತ್ತರೆ ನಾಟಕ. ಅಳದಿದ್ದರೆ ‘ನೋಡಿದ್ರಾ, ಕಣ್ಣಲ್ಲಿ ಒಂದು ಹನಿ ನೀರಿಲ್ಲ’. ಊಟಕ್ಕೆ ಕಳಲೆ (ಎಳೆ ಬಿದಿರು) ಪಲ್ಯ ಇತ್ತಂತೆ. ನೆನೆಸದ ಕಳಲೆ ವಿಷ ಅಲ್ವಾ? ಹೌದು, ಅದಕ್ಕೇ ಮಲೆನಾಡಿನವರು ನೀರು ಬದಲಿಸಿ ಬದಲಿಸಿ ನೆನೆಸಿಯೇ ತಿನ್ನುವುದು. ಅದೇ ಪಲ್ಯ ತಿಂದ ಅಮ್ಮ ಹೇಗೆ ಬದುಕಿದರು ಅಂತ ಕೇಳಿ ನೋಡಿ. ‘ಅದೇ ಸಾಕ್ಷಿ ಮಾರಾಯ್ರೆ!’

ಅಷ್ಟರಲ್ಲಿ ಯೂಟ್ಯೂಬ್ ಚಾನೆಲಿನ ಹುಡುಗನೊಬ್ಬ ಮೈಕು ಹಿಡಿದು ಕೊಟ್ಟಿಗೆಗೆ ನುಗ್ಗಿದ. ಮೂಲೆಯಲ್ಲಿ ನೀಲಿ ಹರಳಿನ ಚೀಲ. ‘ಬಯಲಾಯ್ತು ನೀಲಿ ವಿಷದ ರಹಸ್ಯ!’ ಚೀಲದ ಪಕ್ಕದಲ್ಲೇ ಸುಣ್ಣದ ಮೂಟೆ, ನೀಲಿ ಮೆತ್ತಿದ ಡ್ರಮ್ಮು, ಕಲೆಸುವ ಕೋಲು. ಅವನ ಕ್ಯಾಮೆರಾ ಅತ್ತ ತಿರುಗಲೇ ಇಲ್ಲ. ಆ ನೀಲಿ ಹರಳೇ ಮೈಲುತುತ್ತ. ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, ನೂರು ಲೀಟರ್ ನೀರು. ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ಔಷಧಿ ಇದು, ನಮ್ಮ ಕಡೆ ಮಕ್ಕಳಿಗೂ ಗೊತ್ತು. ವಿಡಿಯೋ ನೋಡಿ ಬಾಯಿ ಬಡಿದುಕೊಂಡವರ ಕೊಟ್ಟಿಗೆಯಲ್ಲೂ ಅದೇ ಚೀಲ ಇದೆ. ಆ ಲೆಕ್ಕಕ್ಕೆ ತೀರ್ಥಹಳ್ಳಿ, ಹೊಸನಗರ, ಸಾಗರ ಮೂರೂ ತಾಲ್ಲೂಕನ್ನು ಒಟ್ಟಿಗೇ ಒಳಗೆ ಹಾಕಬೇಕು.

ದೂರು ಕೊಟ್ಟವರು ಗಂಡನ ತಮ್ಮ. ಕ್ಯಾಮೆರಾ ಕಂಡರೆ ಅಣ್ಣನ ನೆನಪು ಉಕ್ಕಿ ಬರುತ್ತದೆ. ಕಾನೂನು ಅವರಿಗೆ ಜಾಸ್ತಿ ಗೊತ್ತಿಲ್ಲ. ಆದರೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 25ನೇ ಸೆಕ್ಷನ್ ಮಾತ್ರ ನಿದ್ದೆಗಣ್ಣಲ್ಲೂ ಹೇಳುತ್ತಾರೆ: ಕೊಲೆ ಮಾಡಿದವರಿಗೆ ಸತ್ತವರ ಆಸ್ತಿ ಇಲ್ಲ. ಅತ್ತಿಗೆಗೆ ಇಲ್ಲ ಅಂದಮೇಲೆ ತೋಟ ಯಾರಿಗೆ? ‘ಛೆ ಛೆ, ನಾನು ಅದನ್ನೆಲ್ಲ ಯೋಚನೆ ಮಾಡಿಲ್ಲ’ ಎನ್ನುತ್ತಾರೆ. ಸರ್ವೆಯವರಿಗೆ ಫೋನು ಮಾಡಿದ್ದು ಸುಮ್ನೆ ಕುಶಲ ವಿಚಾರಿಸೋಕಂತೆ.

ಅಂತೂ ಒಬ್ಬ ನಿಜವಾದ ಪತ್ತೇದಾರರು ಬಂದರು. ಅಮ್ಮನ ಸೋದರಮಾವ, ಪೊಲೀಸ್ ಇಲಾಖೆಯಲ್ಲಿ ಕ್ರೈಂ ಕೇಸು ನೋಡಿ ರಿಟೈರ್ ಆದವರು. ಭೂತಗನ್ನಡಿ ತರಲಿಲ್ಲ. ಒಂದು ಪ್ಲಾಸ್ಟಿಕ್ ಕುರ್ಚಿ ತಂದು ಗೇಟಿಗೆ ಅಡ್ಡ ಹಾಕಿ ಕೂತರು.

‘ಮಾವ, ನೀವು ತನಿಖೆ ಮಾಡಲ್ವಾ?’

‘ಅದನ್ನ ಊರೇ ಮಾಡ್ತಿದೆಯಲ್ಲ ಮಗಳೇ. ನಾನು ಗೇಟು ಕಾಯ್ತೀನಿ.’

ಅದಕ್ಕೂ ಊರಿನವರು ತಕರಾರು ತೆಗೆದರು: ಕಾವಲಿಗೆ ಕೂರಲು ಲೈಸೆನ್ಸ್ ಇದೆಯಾ? ಮನೆಯವರಿಗೆ ಬೇಡ, ಕಾವಲುಗಾರರನ್ನು ಕೊಡುವ ಏಜೆನ್ಸಿಗೆ ಬೇಕು. ಅದಕ್ಕೆ 2005ರ ಕಾಯ್ದೆಯೇ ಇದೆ. ಪತ್ತೇದಾರಿ ಏಜೆನ್ಸಿಗಳಿಗೂ ಲೈಸೆನ್ಸ್ ಇರಲಿ ಅಂತ 2007ರಲ್ಲಿ ರಾಜ್ಯಸಭೆಗೆ ಒಂದು ಮಸೂದೆ ಬಂತು, ಕಾಯ್ದೆಯಾಗಲೇ ಇಲ್ಲ. ಹಾಗಾಗಿ ಬಾಗಿಲು ಕಾಯುವ ಕಂಪನಿಗೆ ನೂರೆಂಟು ಕಾಗದ, ಇಣುಕಿ ನೋಡುವವರಿಗೆ ಒಂದೂ ಇಲ್ಲ. ಬಸ್ ಸ್ಟ್ಯಾಂಡ್ ಹೋಟೆಲಿನ ಅಷ್ಟೂ ಬೆಂಚು ಕಾನೂನುಬದ್ಧ!

ಈಗ ತೋಟಕ್ಕೆ ಎರಡನೇ ಸಲ ಬೋರ್ಡೋ ಹೊಡೆಯುವ ಹೊತ್ತು. ಅಡಿಕೆ ಮರ ಹತ್ತುವ ಕೊನೆಗಾರರು ಬರಲು ಒಪ್ಪುತ್ತಿಲ್ಲ. ‘ಆ ಮನೆ ಕಾಫಿ ಕುಡಿಯೋದು ಹೇಗೆ ಸ್ವಾಮಿ?’ ಎನ್ನುತ್ತಾರೆ, ಕೂಲಿ ಜಾಸ್ತಿ ಮಾಡಿದರೆ ಕುಡಿಯಬಹುದು ಅಂತಲೂ ಸೂಚಿಸುತ್ತಾರೆ. ಕೊನೆಗೆ ಮಾವನೇ ಪಂಚೆ ಎತ್ತಿ ಕಟ್ಟಿ ಡ್ರಮ್ಮಿಗೆ ತುತ್ತ ಸುರಿದು ಕೋಲು ತಿರುಗಿಸಿದರು. ಸಂಜೆಗೇ ವಿಡಿಯೋ ಬಂತು: ‘ಸಾಕ್ಷಿ ಕರಗಿಸಿದ ಮಾಜಿ ಪೊಲೀಸ್!’