ಒಂದೇ ಒಂದು ಗುಡ್ಡ

ಅಮೆರಿಕದ ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಮೌಂಟ್ ವಾಷಿಂಗ್ಟನ್ ಅಂತ ಒಂದು ಬೆಟ್ಟವಿದೆ. ಎತ್ತರ 6,288 ಅಡಿ. ಹತ್ತುವ ಕಷ್ಟ ಯಾರಿಗೂ ಬೇಡ ಅಂತ ಅಲ್ಲಿನವರು 1861ರಲ್ಲೇ ತುದಿಯವರೆಗೆ ರಸ್ತೆ ಮಾಡಿದರು. ಅದೂ ಸಾಲದು ಅಂತ 1869ರಲ್ಲಿ ಹಲ್ಲಿನ ಹಳಿ ಹಾಕಿ ರೈಲನ್ನೂ ಹತ್ತಿಸಿದರು. ಇಷ್ಟೆಲ್ಲ ಆದ ಮೇಲೆ ಈಗ ಪ್ರತಿ ಜೂನ್‌ನಲ್ಲಿ ಜನ ದುಡ್ಡು ಕಟ್ಟಿ, ಅದೇ ರಸ್ತೆಯಲ್ಲಿ ಓಡಿಕೊಂಡು ಹತ್ತುತ್ತಾರೆ.

ದುಡ್ಡು ಕಟ್ಟುತ್ತೇನೆ ಅಂದ ತಕ್ಷಣ ಸೇರಿಸಿಕೊಳ್ಳುವುದೂ ಇಲ್ಲ. ಲಾಟರಿ ಎತ್ತುತ್ತಾರೆ. ನಮ್ಮಲ್ಲಿ ಲಾಟರಿ ಎತ್ತಿದರೆ ಸೈಟೋ ಫ್ಲಾಟೋ ಸಿಗುತ್ತೆ. ಇಲ್ಲಿ ಹೆಸರು ಬಂದವರಿಗೆ 12 ಕಿಲೋಮೀಟರ್ ಏರು ಸಿಗುತ್ತೆ. ಬರದವರು ಬೇಜಾರು ಮಾಡಿಕೊಳ್ಳುತ್ತಾರಂತೆ.

ಜೂನ್‌ನಲ್ಲಿ ಬರುತ್ತೇನೆ, ನಾಲ್ಕು ಊರು ನೋಡಿಕೊಂಡು ಹೋಗುತ್ತೇನೆ ಅಂದಿದ್ದಕ್ಕೆ ಬಾಸ್ಟನ್‌ನಲ್ಲಿರುವ ನನ್ನ ಗೆಳೆಯ ಕೇಳದೆಯೇ ನನ್ನ ಹೆಸರನ್ನೂ ಹಾಕಿದ್ದ. ಲಕ್ಕಿ ಡ್ರಾದಲ್ಲಿ ಇದುವರೆಗೆ ಒಂದು ಕುಕ್ಕರ್ ಕೂಡ ಗೆಲ್ಲದವನ ಹೆಸರು ಮೊದಲ ಏಟಿಗೇ ಬಂತು. "ಮೈಸೂರಿನವನು ಕಣೋ ನೀನು. ಚಾಮುಂಡಿ ಬೆಟ್ಟ ಹತ್ತಿದವನಿಗೆ ಇದೇನ್ ಮಹಾ? ಒಂದೇ ಒಂದು ಗುಡ್ಡ!" ಅಂದ. ಸುಳ್ಳು ಹೇಳಲಿಲ್ಲ ಅವನು. ಆ ಓಟದ ಘೋಷವಾಕ್ಯವೇ ಅದು. ಗುಡ್ಡ ಒಂದೇ. ಶುರುವಾದದ್ದು ತುದಿಯವರೆಗೆ ನಿಲ್ಲುವುದಿಲ್ಲ, ಅಷ್ಟೇ.

ಚಾಮುಂಡಿ ಬೆಟ್ಟದ ಮಾತು ಬಂತಲ್ಲ, ಅಲ್ಲಿ ಸಾವಿರ ಮೆಟ್ಟಿಲಿದೆ. ಹರಕೆ ಹೊತ್ತ ಅಜ್ಜಿಯರು ಒಂದೊಂದು ಮೆಟ್ಟಿಲಿಗೂ ಬಗ್ಗಿ ಅರಿಶಿನ ಕುಂಕುಮ ಹಚ್ಚುತ್ತಾ ಹತ್ತುತ್ತಾರೆ. ಅವರ ಎದೆಗೆ ಯಾರೂ ನಂಬರ್ ಅಂಟಿಸುವುದಿಲ್ಲ. ನಂದಿ ಹತ್ತಿರ ಕೂತು ಸೆರಗಿನಲ್ಲಿ ಮುಖ ಒರೆಸಿಕೊಂಡು, ಒಂದು ಲೋಟ ಮಜ್ಜಿಗೆ ಕುಡಿದು ಮತ್ತೆ ಹೊರಡುತ್ತಾರೆ. ಪಾಪ, ತಾವು ಅಥ್ಲೀಟ್ ಅಂತ ಅವರಿಗೆ ಗೊತ್ತೇ ಇಲ್ಲ. ಗೊತ್ತಾಗೋಕೆ ಆ್ಯಪ್ ಬೇಕು.

ಸರಿ, ಓಟ. ಒಂದು ಮೈಲಿ ಆಗುವಷ್ಟರಲ್ಲಿ ನನ್ನ ಸುತ್ತಮುತ್ತ ಯಾರೂ ಓಡುತ್ತಿರಲಿಲ್ಲ. ಎಲ್ಲರೂ ಮೊಣಕಾಲಿನ ಮೇಲೆ ಕೈ ಒತ್ತಿಕೊಂಡು ನಡೆಯುತ್ತಿದ್ದರು. ನಡೆಯುವುದು ಅಂತ ಮಾತ್ರ ಅನ್ನಬಾರದು. ಅದಕ್ಕೆ 'ಪವರ್ ಹೈಕಿಂಗ್' ಅನ್ನಬೇಕಂತೆ. ನಾನು ಛಲ ಬಿಡದೆ ಓಡುತ್ತಲೇ ಇದ್ದೆ. ಕೈಯಲ್ಲಿದ್ದ ವಾಚು ನಾನು ನಿಂತಿದ್ದೇನೆ ಅಂದುಕೊಂಡು ಲೆಕ್ಕ ನಿಲ್ಲಿಸಿತು.

ಮೇಲೆ ಹೋದ ಹಾಗೆ ಮರಗಳೂ ಇನ್ನು ನಮ್ಮಿಂದ ಆಗಲ್ಲ ಅಂತ ಬೆಳೆಯುವುದನ್ನು ಬಿಟ್ಟಿವೆ. ಅಲ್ಲಿಂದಾಚೆ ಬರೀ ಕಲ್ಲು, ಗಾಳಿ. ಗಾಳಿ ಅಂದರೆ ಅಂತಿಂಥ ಗಾಳಿಯಲ್ಲ. 1934ರ ಏಪ್ರಿಲ್ 12ರಂದು ಈ ತುದಿಯಲ್ಲಿ ಗಂಟೆಗೆ 231 ಮೈಲಿ ವೇಗದ ಗಾಳಿ ಬೀಸಿತ್ತು. ಹಾರಿ ಹೋಗದಿರಲಿ ಅಂತ ಅಲ್ಲೊಂದು ಕಟ್ಟಡಕ್ಕೆ ಸರಪಳಿ ಬಿಗಿದಿದ್ದಾರೆ. ಅಂಥ ಜಾಗಕ್ಕೆ ಮನುಷ್ಯರನ್ನು ಚಡ್ಡಿ ಬನಿಯನ್ನಿನಲ್ಲಿ ಕಳಿಸುತ್ತಾರೆ! ಕೊನೇ ತಿರುವಿನಲ್ಲಿ ಏರು 22 ಶೇಕಡಾ, ಅಂದರೆ ನೂರು ಅಡಿ ಮುಂದೆ ಹೋದರೆ 22 ಅಡಿ ಮೇಲೆ. ಅಲ್ಲಿ ಎರಡೂ ಬದಿ ನಿಂತವರು "ಬಂದೇ ಬಿಡ್ತು, ಬಂದೇ ಬಿಡ್ತು" ಅಂತ ಚಪ್ಪಾಳೆ ತಟ್ಟುತ್ತಾರೆ. ಅವರೆಲ್ಲ ಕಾರಿನಲ್ಲಿ ಬಂದವರು.

ನಿಜವಾದ ತಮಾಷೆ ಇರುವುದು ಇಳಿಯುವುದರಲ್ಲಿ. ಓಡಿ ಇಳಿಯುವ ಹಾಗಿಲ್ಲ, ನಡೆದೂ ಇಳಿಯುವ ಹಾಗಿಲ್ಲ. ಕಾರಿನಲ್ಲೇ ಇಳಿಯಬೇಕು, ಅದು ನಿಯಮ. ಹಾಗಾಗಿ ಓಟ ಶುರುವಾಗುವ ಮುಂಚೆಯೇ ಕಾರುಗಳು ಮೇಲೆ ಹೋಗಿ ಕಾಯುತ್ತವೆ. ನಮ್ಮ ಕಾರೂ ಹೋಯಿತು. ಗೆಳೆಯನ ಹೆಂಡತಿ ಒಬ್ಬರೇ ಓಡಿಸಿಕೊಂಡು ಹೋದರು. ಹಿಂದಿನ ಸೀಟು ಪೂರ್ತಿ ಖಾಲಿ, ಎಸಿ ಆನ್. ಅದರ ಹಿಂದೆಯೇ, ಅದೇ ರಸ್ತೆಯಲ್ಲಿ ನಾವು. ಬೆಟ್ಟ ಹತ್ತಿದ ಹೆಮ್ಮೆಗೆ ಬಂಪರ್ ಮೇಲೆ ಅಂಟಿಸಲು ಸ್ಟಿಕ್ಕರ್ ಕೂಡ ಇದೆ: 'ಈ ಕಾರು ಮೌಂಟ್ ವಾಷಿಂಗ್ಟನ್ ಹತ್ತಿದೆ'.

ಇಳಿಯುವಾಗ ಜಾಗ ಕೇಳಿಕೊಂಡು ಒಬ್ಬ ಅಜ್ಜ ನಮ್ಮ ಜೊತೆ ಹತ್ತಿದರು. ವಯಸ್ಸು ಎಪ್ಪತ್ತರ ಮೇಲಿತ್ತು. ನನಗಿಂತ ಮುಂಚೆ ಬಂದು, ಸೂಪ್ ಕುಡಿದು, ಬಟ್ಟೆ ಬದಲಾಯಿಸಿ ಆಗಿತ್ತು. ನನ್ನ ಗೆಳೆಯ ಅವರಿಗೆ ಕೊಲೊರಾಡೊದ ಪೈಕ್ಸ್ ಪೀಕ್ ಬಗ್ಗೆ ಹೇಳೋಕೆ ಶುರು ಮಾಡಿದ. 14,115 ಅಡಿ. ಅಲ್ಲೂ ತುದಿವರೆಗೆ ರಸ್ತೆ ಇದೆ, ರೈಲಿದೆ. ಅಲ್ಲಿನ ಮ್ಯಾರಥಾನ್‌ನಲ್ಲಿ ಮಾತ್ರ ಹತ್ತಿದ ಮೇಲೆ ಓಡಿಕೊಂಡೇ ಇಳಿಯಬೇಕು.

"ಇಳಿಯೋಕೆ ಕಾರು ಖರ್ಚೂ ಉಳಿಯುತ್ತೆ ಮಗಾ," ಅಂದ ನನ್ನ ಕಡೆ ತಿರುಗಿ. ಅಜ್ಜ ಆಗಲೇ ಫೋನ್ ತೆಗೆದು ತಾರೀಖು ನೋಡುತ್ತಿದ್ದರು.