ಪುಣ್ಯಕೋಟಿಗೂ ಕಾಪಿರೈಟ್ ಅಂತೆ!

ನಿನ್ನೆ ಒಂದು ಗೊಂಬೆಯಾಟ ನೋಡಿ ಬಂದೆ. ತಲೆ ಇನ್ನೂ ಬಿಸಿಯಾಗಿಯೇ ಇದೆ. ಆಟ ಚೆನ್ನಾಗಿಲ್ಲ ಅಂತಲ್ಲ. ಚೆನ್ನಾಗೇ ಇತ್ತು. ಸಿಟ್ಟು ಬಂದಿದ್ದು ಪರದೆ ಏಳುವ ಮೊದಲು ಮೈಕಿನಲ್ಲಿ ಹೇಳಿದ ಮಾತಿಗೆ: ‘ಪುಣ್ಯಕೋಟಿ ಕಥೆಯ ಸಂಪೂರ್ಣ ಹಕ್ಕು ನಮ್ಮ ತಂಡದ್ದು. ಅನುಮತಿ ಇಲ್ಲದೆ ಯಾರೂ ಆಡುವಂತಿಲ್ಲ.’

ಸ್ವಾಮಿ, ಪುಣ್ಯಕೋಟಿ ನಿಮ್ಮ ಕೊಟ್ಟಿಗೆಗೆ ಯಾವಾಗ ಬಂದಳು?

ಗೋವಿನ ಹಾಡು ಕಟ್ಟಿದವರು ಯಾರು ಅಂತಲೇ ಗೊತ್ತಿಲ್ಲ. ಕಾಳಿಂಗ ಗೊಲ್ಲ, ಅರ್ಬುತ ಹುಲಿ, ಕೊಟ್ಟ ಮಾತಿಗೆ ವಾಪಸ್ ಬರುವ ಹಸು, ಎಲ್ಲ ಊರಿಗೆ ಸೇರಿದ್ದು. ನಾನೂ ಆಡಿಸಬಹುದು, ನೀವೂ ಆಡಿಸಬಹುದು. ಮೂರನೇ ಕ್ಲಾಸಿನ ಮಕ್ಕಳು ಹಳೇ ಕಾಲುಚೀಲಕ್ಕೆ ಕೊಂಬು ಅಂಟಿಸಿ ಆಡಿಸಬಹುದು.

ಹಾಗಾದರೆ ತಂಡದವರದ್ದು ಏನೂ ಇಲ್ವಾ? ಇದೆ. ಅವರು ಬರೆದ ಮಾತು ಅವರದ್ದು, ಮಾಡಿದ ಗೊಂಬೆ ಅವರದ್ದು. ಅವರ ಆಟದಲ್ಲಿ ಹುಲಿ ಕೊನೆಗೆ ಪ್ರಾಣ ಬಿಡುವುದಿಲ್ಲ. ಕರುವಿನ ಪಕ್ಕ ಕೂತು ಹುಲ್ಲು ಅಗಿದು ನೋಡಿ ಥೂ ಅಂತ ಉಗಿಯುತ್ತದೆ. ಆ ದೃಶ್ಯವನ್ನು, ಆ ಮಾತುಗಳನ್ನು ನಾನು ಹಾಗೇ ಎತ್ತಿಕೊಂಡು ಬಂದರೆ ಅದು ಕಳ್ಳತನವೇ. ಕೆಳದವಡೆಗೆ ಬೇರೆ ದಾರ ಕಟ್ಟಿದ್ದರು, ಅಗಿಯುವಾಗ ದವಡೆ ಮಾತ್ರ ಓರೆಯಾಗಿ ಹೋಗುತ್ತಿತ್ತು. ಹೊಟ್ಟೆಕಿಚ್ಚು ಅನ್ನಿ ಬೇಕಾದರೆ, ನಮ್ಮ ಗೊಂಬೆ ತಂಡದ ಹುಲಿ ಅದರ ಮುಂದೆ ಬೆಕ್ಕು. ಆದರೂ ಕಥೆ ನಿಮ್ಮದಲ್ಲ!

ಇನ್ನೂ ತಮಾಷೆ ಕೇಳಿ. ಹಾಡು ಬಂದಿದ್ದು ಪೆನ್‌ಡ್ರೈವ್‌ನಿಂದ, ಯಾವುದೋ ಕಂಪನಿಯ ರೆಕಾರ್ಡಿಂಗ್. ಹಾಡು ಜಾನಪದವೇ ಇರಲಿ, ಆ ಧ್ವನಿಮುದ್ರಣಕ್ಕೆ ಪ್ರಕಟವಾದ ಮೇಲೆ 60 ವರ್ಷ ಹಕ್ಕಿರುತ್ತದೆ. ಕಂಪನಿಯ ಅನುಮತಿ ಕೇಳಿದ್ರಾ ಅಂದೆ. ‘ಜಾನಪದಕ್ಕೆಲ್ಲ ಯಾರ ಪರ್ಮಿಷನ್ನು ಮೇಡಂ?’ ಅಂದರು. ಬಾಯಿಗೆ ಬಂದಿದ್ದನ್ನು ನುಂಗಿಕೊಂಡೆ.

ಮುಂದಿನ ಆಟ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ ಅಂತೆ. ಜರ್ಮನಿಯ ಹಳೇ ಕಥೆ, ಅದೂ ಫ್ರೀ ಅಂದುಕೊಂಡಿದ್ದಾರೆ. ಹ್ಯಾಮೆಲಿನ್ ಊರಿನ ಇಲಿಗಳ ಕಥೆ ಫ್ರೀ, ನಿಜ. ಇಂಗ್ಲಿಷಿನಲ್ಲಿ ಪದ್ಯ ಮಾಡಿದ ಬ್ರೌನಿಂಗ್ ತೀರಿಕೊಂಡಿದ್ದು 1889ರಲ್ಲಿ, ಅದೂ ಫ್ರೀ. ಆದರೆ ಕನ್ನಡದ ಸಾಲುಗಳು ಕುವೆಂಪು ಅವರದ್ದು. ಅವರು ಹೋಗಿದ್ದು 1994ರಲ್ಲಿ. ನಮ್ಮ ಕಾಯ್ದೆಯಲ್ಲಿ ಲೇಖಕರು ತೀರಿಕೊಂಡ ವರ್ಷ ಮುಗಿದ ಮೇಲೆ 60 ವರ್ಷ, ಅಂದರೆ 2054ರ ಕೊನೆಯವರೆಗೆ ಹಕ್ಕು. ಟಿಕೆಟ್ ಇಟ್ಟು ಆಡುವವರು ಕೇಳಲೇಬೇಕು. ಕೇಳೋಕೆ ಬೇಜಾರಾದರೆ ಸೀದಾ ಹ್ಯಾಮೆಲಿನ್‌ಗೆ ಹೋಗಿ, ನಿಮ್ಮದೇ ಮಾತಿನಲ್ಲಿ ಇಲಿ ಕುಣಿಸಿ. ಯಾರು ಬೇಡ ಅಂದರು?

‘ಹಕ್ಕು ಅಂತ ಹಾಕದಿದ್ದರೆ ದೊಡ್ಡ ಚಾನೆಲ್‌ನವರು ಎತ್ಕೊಂಡು ಹೋಗ್ತಾರೆ ಕಣೇ’ ಅಂತ ಗೆಳೆಯನೊಬ್ಬನ ವಾದ. ಸರಿ ಮಾರಾಯ, ಅವರು ಎತ್ತಿಕೊಂಡು ಹೋಗೋದು ನಿನ್ನ ವಿಡಿಯೋ, ನಿನ್ನ ಸ್ಕ್ರಿಪ್ಟ್. ಅದರ ಮೇಲೆ ದಪ್ಪಕ್ಷರದಲ್ಲಿ ಹೆಸರು ಹಾಕಿಕೋ. ಡಿಸ್ನಿಯಂಥ ಡಿಸ್ನಿಗೇ ಸ್ನೋವೈಟ್ ಕಥೆ ತನ್ನದು ಅನ್ನೋಕಾಗಲ್ಲ. 1937ರ ಸಿನಿಮಾಗೆ ತಾನು ಮಾಡಿಸಿದ ಚಿತ್ರ, ಹಾಡು, ಕುಳ್ಳರಿಗೆ ಕೊಟ್ಟ ರೂಪ, ಇಷ್ಟರ ಮೇಲೆ ಜಗಳ ಆಡಬಹುದು. ನೀನು ಡಿಸ್ನಿಗಿಂತ ದೊಡ್ಡವನಾ?

ನಮ್ಮ ತಂಡ ಪುಣ್ಯಕೋಟಿ ಆಡೋದನ್ನಂತೂ ನಿಲ್ಲಿಸಲ್ಲ. ನೋಟಿಸ್ ಕಳಿಸುವವರಿಗೆ ವಿಳಾಸ ಬೇಕಾದರೆ ಇನ್‌ಬಾಕ್ಸಿಗೆ ಬನ್ನಿ.